ಫ್ಲ್ಯಾಟಿನೊಳಗೆ ಬರುವ ನಾತ: ಅದು ಹುಟ್ಟುವ ಜಾಗ, ಏರಿ ಬರುವ ದಾರಿ

ಕಳೆದ ವರ್ಷ ಜೂನ್ ಎರಡನೇ ವಾರ ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ ಹೊರಟು ಬೆಳಗಿನ ಜಾವ ಠಾಣೆಯಲ್ಲಿ ಇಳಿದು ಮುಲುಂಡಿನ ಮನೆ ಸೇರಿದೆವು. ಐದು ವಾರ ಬೀಗ ಹಾಕಿದ್ದ ಮನೆ. ಮಳೆ ಆಗಲೇ ಹಿಡಿದಿತ್ತು, ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಅತ್ತೆಗೆ ಸೆಕೆಯಾಗುತ್ತದೆಂದು ಅವರ ಕೋಣೆಯ ಏಸಿ ಹಾಕಿ, ಅಡುಗೆಮನೆಯಲ್ಲಿ ಹೊಗೆ ಎಳೆಯುವ ಚಿಮ್ನಿ ಚಾಲೂ ಮಾಡಿ ಒಗ್ಗರಣೆಗಿಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ, ಅತ್ತೆ ಒಳಗಿಂದ ಕೂಗಿದರು: "ಎಂಥ ವಾಸ್ನೆ ಇದು ಮಾರಾಯ್ತಿ, ಇಲಿ ಗಿಲಿ ಸತ್ತಿತಾ ಕಾಣ್!"

ಏಸಿಯ ಬಾಯಿಗೆ ಮೂಗು ಹಿಡಿದರೆ ಕೊಳೆತ ಮೊಟ್ಟೆಯ ನಾತ. ಏಸಿ ಕೆಟ್ಟಿದೆ ಅಂದುಕೊಂಡೆವು. ಸರ್ವಿಸಿನವರು ಬಂದು ಜೆಟ್ ಹೊಡೆದು ತೊಳೆದರು, ಎರಡು ದಿನ ಸುಮ್ಮನಿತ್ತು, ಮೂರನೇ ದಿನ ಮತ್ತೆ ಅದೇ. ಎರಡನೇ ಸಲ ಬಂದವರು ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿದರು. ಮೂರನೇ ಸಲಕ್ಕೆ ನಾನು ಸುಗಂಧದ ಡಬ್ಬಿ ತಂದು ಗೋಡೆಗೆ ನೇತುಹಾಕಿದೆ. ಆಗ ಕೋಣೆಯಲ್ಲಿ ಮಲ್ಲಿಗೆಯೂ ಕೊಳೆತ ಮೊಟ್ಟೆಯೂ ಒಟ್ಟಿಗೆ ಘಮ್ಮೆನ್ನತೊಡಗಿದವು.

ಕೊನೆಗೆ ದಾರಿ ತೋರಿಸಿದವರು ನಮ್ಮ ಹೌಸಿಂಗ್ ಸೊಸೈಟಿಗೆ ಬರುವ ಪ್ಲಂಬರ್, ವಿಜಯಪುರ ಕಡೆಯವರು. ಅವರು ಏಸಿಯನ್ನು ಮುಟ್ಟಲೇ ಇಲ್ಲ. ದೇವರ ಗೂಡಿನಿಂದ ಒಂದು ಊದುಬತ್ತಿ ಕೇಳಿ ಪಡೆದು, ಹಚ್ಚಿ, ಬಾತ್‌ರೂಮಿನ ನೆಲದ ಜಾಲರಿಯ ಮೇಲೆ ಹಿಡಿದರು. ಹೊಗೆ ನೆಟ್ಟಗೆ ಮೇಲೆ ಹೋಯಿತು. "ಈಗ ಚಿಮ್ನಿ ಹಚ್ಚರಿ ಅಕ್ಕಾರ" ಅಂದರು. ಹಚ್ಚಿದೆ. ಜಾಲರಿಯ ತೂತುಗಳಿಂದ ಯಾರೋ ಕೆಳಗೆ ಕೂತು ಊದಿದ ಹಾಗೆ ಹೊಗೆ ಬಾಗಿ ಕೋಣೆಯ ಕಡೆ ಓಡಿತು. ಅದೇ ಹೊತ್ತಿಗೆ ಏಸಿಯ ಹೊಟ್ಟೆಯಿಂದ ಬುಳುಬುಳು ಸದ್ದು. ಅಡುಗೆಮನೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಸಿದರು. ಸದ್ದು ನಿಂತಿತು, ಹೊಗೆ ನೆಟ್ಟಗಾಯಿತು. "ವಾಸನಿ ಎಲ್ಲಿ ಬಡಿತೈತಿ ಅಲ್ಲಿ ಹುಡುಕಬ್ಯಾಡ್ರಿ. ಗಾಳಿ ಎಲ್ಲಿಂದ ಬರಾಕತ್ತೈತಿ ನೋಡ್ರಿ."

ಆ ಮಾತಿನ ಹಿಂದೆ ಹೋಗಿ ನಾನು ಓದಿಕೊಂಡದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಅಕ್ಕಪಕ್ಕದವರ ಮನೆಗಳಲ್ಲಿ ಕಂಡದ್ದು ಇಲ್ಲಿದೆ. ಮುಂಬಯಿಯಲ್ಲಿ ಪ್ರತಿ ಮಳೆಗಾಲ ಇದೇ ತೊಂದರೆಗೆ ಜನ ಏಸಿಯವರಿಗೆ ಮತ್ತೆ ಮತ್ತೆ ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ನಾತದ ಮಾತು ಬಂದಾಗಲೆಲ್ಲ ಇಲ್ಲಿ ಜನ ಡಕ್ಟ್ ಎಂಬ ಪದ ಬಳಸುತ್ತಾರೆ, ಮೊದಲು ಅದು ಏನು ಎಂಬುದು. ಮುಂಬಯಿ, ಪುಣೆಯ ಫ್ಲ್ಯಾಟುಗಳಲ್ಲಿ ಈ ಒಂದು ಪದಕ್ಕೆ ಮೂರು ಅರ್ಥ. ಬಾತ್‌ರೂಮುಗಳ ಹಿಂದೆ ತಳದಿಂದ ತಾರಸಿಯವರೆಗೆ ಬಾವಿಯಂತೆ ನಿಂತಿರುವ ಕಿಂಡಿ, ಅಂದರೆ ಪೈಪುಗಳೆಲ್ಲ ಇಳಿಯುವ ಜಾಗ, ಅದನ್ನೂ ಡಕ್ಟ್ ಅನ್ನುತ್ತೇವೆ. ಬಟ್ಟೆ ಜಾರಿ ಬಿದ್ದರೆ "ಡಕ್ಟಿಗೆ ಬಿತ್ತು" ಅನ್ನುವುದು ಅದಕ್ಕೇ. ಅಡುಗೆಮನೆಯ ಚಿಮ್ನಿಯಿಂದ ಹೊರಗೆ ಹೋಗುವ ಅಲ್ಯೂಮಿನಿಯಂ ಕೊಳವೆ ಎರಡನೆಯದು. ಮೂರನೆಯದು ದೊಡ್ಡ ಫ್ಲ್ಯಾಟು, ಬಂಗಲೆಗಳಲ್ಲಿ ಫಾಲ್ಸ್ ಸೀಲಿಂಗಿನ ಮೇಲೆ ಹಾಯುವ ಏಸಿಯ ಗಾಳಿ ಕೊಳವೆ. ನಮ್ಮಂಥ ಎರಡು ಬೆಡ್‌ರೂಮಿನ ಮನೆಗಳಲ್ಲಿ ಮೂರನೆಯದು ಇರುವುದಿಲ್ಲ. ಗೋಡೆಯ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ತರುವುದೂ ಇಲ್ಲ. ಕೋಣೆಯ ಗಾಳಿಯನ್ನೇ ಮೇಲಿಂದ ಎಳೆದು, ತಂಪು ಮಾಡಿ, ಕೆಳಗಿಂದ ಬಿಡುತ್ತದೆ. ಕೋಣೆಯಲ್ಲಿ ಎಲ್ಲೋ ಮೂಲೆಯಲ್ಲಿ ಸುಳಿಯುತ್ತಿದ್ದ ನಾತವನ್ನು ಒಟ್ಟುಗೂಡಿಸಿ ಮುಖಕ್ಕೆ ಬೀಸುವುದರಿಂದ ಪಾಪ ಏಸಿಯ ಮೇಲೆ ಆರೋಪ ಬರುತ್ತದೆ.

ಮೂಗು ಕೊಡುವ ಗುರುತು

ವಾಸನೆಗಳಿಗೆ ಕನ್ನಡದಲ್ಲಿ ಒಳ್ಳೆಯ ಹೆಸರುಗಳಿವೆ. ಮುಗ್ಗಲು, ಕಮಟು, ಸೀದದ್ದು, ಹಳಸಲು, ಕೊಳೆತದ್ದು. ಇವನ್ನು ಬೇರೆಬೇರೆಯಾಗಿ ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಮೂಗಿಗೆ ಒಂದು ದೌರ್ಬಲ್ಯವಿದೆ. ಯಾವುದೇ ವಾಸನೆಗೆ ಅದು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಮನೆಯವರಿಗೆ ತಿಳಿಯದ್ದು ಬಾಗಿಲಲ್ಲಿ ನಿಂತ ಅತಿಥಿಗೆ ತಿಳಿಯುವುದು ಹೀಗೆ. ಆದ್ದರಿಂದ ಹೊರಗೆ ಹತ್ತು ಹದಿನೈದು ನಿಮಿಷ ಅಡ್ಡಾಡಿ ಬಂದು, ಬಾಗಿಲು ತೆಗೆದ ಮೊದಲ ಉಸಿರಿಗೆ ಏನು ಸಿಕ್ಕಿತೋ ಅದನ್ನು ನೆನಪಿಟ್ಟುಕೊಳ್ಳಿ.

ಎರಡು ವಾಸನೆಗಳಿಗೆ ಮಾತ್ರ ಹುಡುಕಾಟ ಬೇಡ, ತಕ್ಷಣ ಕೆಲಸ ಮಾಡಬೇಕು. ಒಂದು, ಪ್ಲಾಸ್ಟಿಕ್ ಸೀದ ವಾಸನೆ. ವೈರು, ಪ್ಲಗ್ಗು, ಒಳಗಿನ ಪ್ಲಾಸ್ಟಿಕ್ ಭಾಗಗಳು ಕಾದಾಗ ಎಷ್ಟೋ ಸಲ ಅದು ಮೀನಿನ ವಾಸನೆಯಂತೆಯೇ ಇರುತ್ತದೆ. ಮನೆಯಲ್ಲಿ ಮೀನು ಮಾಡಿರದೆ ಏಸಿಯಿಂದಲೋ ಸ್ವಿಚ್ಚಿನಿಂದಲೋ ಮೀನು ನಾರಿದರೆ ಮೊದಲು ಎಂಸಿಬಿ ಇಳಿಸಿ, ಆಮೇಲೆ ಎಲೆಕ್ಟ್ರೀಷಿಯನ್‌ಗೆ ಫೋನು ಮಾಡಿ. ಇನ್ನೊಂದು, ಅಡುಗೆ ಅನಿಲದ್ದು. ಸಿಲಿಂಡರಿನ ಅನಿಲಕ್ಕಾಗಲಿ ಪೈಪಿನಲ್ಲಿ ಬರುವ ಅನಿಲಕ್ಕಾಗಲಿ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದರೆ ಗೊತ್ತಾಗಲೆಂದು ಮರ್‌ಕ್ಯಾಪ್ಟನ್ ಜಾತಿಯ ಗಬ್ಬು ವಸ್ತುವನ್ನು ಬೇಕೆಂದೇ ಬೆರೆಸುತ್ತಾರೆ. ಇದೂ ಗಂಧಕದ ಸಂಯುಕ್ತವೇ ಆದ್ದರಿಂದ ಗಟಾರದ ನಾತವೆಂದು ತಪ್ಪು ತಿಳಿಯುವ ಸಂಭವ ಹೆಚ್ಚು. ಅನುಮಾನವಿದ್ದರೆ ಊದುಬತ್ತಿ ಹಚ್ಚಬೇಡಿ, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಹೋಗಿ ಅಲ್ಲಿಂದ ಫೋನು ಮಾಡಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಪೈಪಿನದು ಹಗುರ, ಮೇಲೇರುತ್ತದೆ. ಬರೀ ಮೇಲಿನ ಕಿಟಕಿ ತೆರೆದರೆ ಸಿಲಿಂಡರಿನ ಅನಿಲ ಪೂರ್ತಿ ಹೋಗದು, ಬಾಗಿಲನ್ನೂ ತೆರೆಯಬೇಕು.

ಏಸಿಯ ಒಳಗಿನ ಗ್ಯಾಸ್ ಸೋರಿ ನಾತ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ನಿಧಾನಿಸಿ. ಈಗಿನ ಏಸಿಗಳಲ್ಲಿರುವ ಆರ್-32ರಂಥ ಅನಿಲಗಳಿಗೆ ಕೊಳೆತ ವಾಸನೆಯಾಗಲಿ ಮುಗ್ಗಲು ವಾಸನೆಯಾಗಲಿ ಇಲ್ಲ. ಗ್ಯಾಸ್ ಕಡಿಮೆಯಾದರೆ ಕೋಣೆ ತಂಪಾಗುವುದಿಲ್ಲ, ಏಸಿಯೊಳಗೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ನಾತಕ್ಕೆ ಕಾರಣ ಬೇರೆ.

ಮುಗ್ಗಲು: ಏಸಿಯದೇ ತಪ್ಪು ಇರುವಾಗ

ಹಾಗೆಂದು ಏಸಿ ಸದಾ ನಿರ್ದೋಷಿಯಲ್ಲ. ಒದ್ದೆ ಕಾಲುಚೀಲವನ್ನು ಬೂಟಿನೊಳಗೆ ತುರುಕಿಟ್ಟು ಎರಡು ದಿನ ಬಿಟ್ಟು ತೆಗೆದ ಹಾಗೆ ನಾರಿದರೆ, ಅದೂ ಹಾಕಿದ ಮೊದಲ ಐದು ನಿಮಿಷ ಜೋರಾಗಿದ್ದು ಆಮೇಲೆ ಇಳಿದರೆ, ಅದು ಏಸಿಯ ಹೊಟ್ಟೆಯದೇ.

ಜುಲೈ, ಆಗಸ್ಟಿನಲ್ಲಿ ಮುಂಬಯಿಯ ಗಾಳಿಯಲ್ಲಿ ಎಷ್ಟು ನೀರಿರುತ್ತದೆಂದರೆ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲಿನ ಚೊಂಬು ಕ್ಷಣದಲ್ಲಿ ಬೆವರುವುದು ಹೀಗೆಯೇ. ಏಸಿಯ ಕೂಲಿಂಗ್ ಕಾಯಿಲ್ ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದೂವರೆ ಟನ್ನಿನ ಏಸಿ ಮಳೆಗಾಲದಲ್ಲಿ ಗಂಟೆಗೆ ಒಂದೆರಡು ಲೀಟರ್ ನೀರನ್ನು ಗಾಳಿಯಿಂದ ಹಿಂಡಬಲ್ಲದು. ಆ ನೀರು ಕಾಯಿಲ್‌ನ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಮೇಲಿಂದ ಡ್ರೇನ್ ಟ್ರೇಗೆ ಇಳಿದು, ಪೈಪಿನಲ್ಲಿ ಹೊರಗೆ ಹೋಗಬೇಕು. ಏಸಿಯ ಜಾಲರಿ ದಾಟಿ ಬಂದ ಧೂಳು, ಚರ್ಮದ ಸಿಪ್ಪೆ, ಅಡುಗೆಮನೆಯಿಂದ ತೇಲಿ ಬಂದ ಎಣ್ಣೆಯ ಆವಿ ಎಲ್ಲ ಈ ಒದ್ದೆಗೆ ಅಂಟುತ್ತವೆ. ನೀರು, ಆಹಾರ, ಕತ್ತಲೆ ಮೂರೂ ಸಿಕ್ಕ ಮೇಲೆ ಬ್ಯಾಕ್ಟೀರಿಯಾ ಮತ್ತು ಬೂಸ್ಟು ಬೆಳೆಯಲು ಬೇರೇನು ಬೇಕು? ಲೋಳೆಯ ಪದರ ಕಟ್ಟಿಕೊಂಡು ಬದುಕುವ ಅವು ಬಿಡುವ ಆವಿಯೇ ಈ ಮುಗ್ಗಲು.

ಟಾರ್ಚ್ ಹಿಡಿದು ಏಸಿಯ ಗಾಳಿ ಬರುವ ಬಾಯಿಯೊಳಗೆ ನೋಡಿ. ಸಿಲಿಂಡರಿನಂತೆ ಉದ್ದಕ್ಕೆ ಮಲಗಿರುವ ಬ್ಲೋವರ್ ಕಾಣುತ್ತದೆ. ಅದರ ಸಣ್ಣ ಸಣ್ಣ ದಳಗಳ ಅಂಚಿನಲ್ಲಿ ಕಪ್ಪು ಎಳ್ಳು ಅಂಟಿಸಿದಂತೆ ಚುಕ್ಕೆಗಳಿದ್ದರೆ ಅದು ಬೂಸ್ಟು. ಜಾಲರಿ ಮಾತ್ರ ತೊಳೆದು, ಕಾಯಿಲ್ ಮೇಲೆ ಮುಂದಿನಿಂದ ನೀರು ಹೊಡೆದು ಹೋದರೆ ಬ್ಲೋವರ್ ಹಾಗೆಯೇ ಉಳಿಯುತ್ತದೆ. ಎರಡೇ ದಿನದಲ್ಲಿ ನಾತ ಮರಳುವುದು ಅನೇಕ ಸಲ ಇದರಿಂದ. ಹಾಗಾಗಿ ಸರ್ವಿಸಿಗೆ ಬಂದವರಿಗೆ ಬ್ಲೋವರ್ ಮತ್ತು ಡ್ರೇನ್ ಟ್ರೇ ಎರಡನ್ನೂ ತೊಳೆಯಬೇಕು, ಟ್ರೇ ಬಿಚ್ಚಿ ತೋರಿಸಬೇಕು ಎಂದು ಮೊದಲೇ ಹೇಳಿ. ಮಳೆಗಾಲ ಹಿಡಿಯುವ ಮೊದಲೊಮ್ಮೆ, ಅಕ್ಟೋಬರಿನ ಬಿಸಿಲಿಗೆ ಇನ್ನೊಮ್ಮೆ ಹೀಗೆ ಪೂರ್ತಿ ತೊಳೆಸಿದರೆ ನಮ್ಮಂಥ ಮನೆಗೆ ಸಾಕು. ಜಾಲರಿಯನ್ನು ಮಾತ್ರ ನೀವೇ ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆದು ನೆರಳಲ್ಲಿ ಒಣಗಿಸಿ.

ದಿನನಿತ್ಯದ ಅಭ್ಯಾಸವೊಂದು ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಏಸಿ ಆರಿಸುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಕಾಯಿಲ್ ಒಣಗಿಸುವುದು. ಕೆಲವು ಏಸಿಗಳಲ್ಲಿ ಆಟೋ ಕ್ಲೀನ್ ಎಂಬ ಹೆಸರಲ್ಲಿ ಇದು ತಾನಾಗಿ ನಡೆಯುತ್ತದೆ. ಆ ನೀರೆಲ್ಲ ಮತ್ತೆ ಕೋಣೆಯ ಗಾಳಿಗೇ ಸೇರುತ್ತದೆ ಎಂಬುದು ನೆನಪಿರಲಿ. ಆ ಹೊತ್ತಿಗೆ ಬಾಗಿಲನ್ನಾದರೂ ತೆರೆದಿಡಬೇಕು. ಒಣಗದ ಬಟ್ಟೆಯನ್ನು ಏಸಿ ಕೋಣೆಯಲ್ಲೇ ಹರವುವವರಿಗೆ ನನ್ನ ಕಳಕಳಿಯ ಮನವಿ, ದಯವಿಟ್ಟು ಬೇಡ. ಮಳೆಗಾಲದಲ್ಲಿ ನಿಧಾನವಾಗಿ ಒಣಗುವ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದೇ ಆ ಹಳಸಲು ವಾಸನೆ ಹುಟ್ಟುವುದು. ಅದೇ ಗಾಳಿಯನ್ನು ಏಸಿ ಎಳೆದುಕೊಳ್ಳುತ್ತದೆ.

ಮಾಡಬಾರದ್ದು: ಕಾಯಿಲ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಾರದು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬ್ಲೀಚನ್ನೂ ಆಸಿಡನ್ನೂ ಯಾವ ಜಾಗದಲ್ಲೂ ಒಟ್ಟಿಗೆ ಬಳಸಬಾರದು, ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಸುಗಂಧದ ಸ್ಪ್ರೇಯನ್ನು ಏಸಿಯ ಬಾಯಿಗೆ ಹೊಡೆದರೆ ನಾತ ಸಾಯುವುದಿಲ್ಲ, ಜಿಗುಟಾದ ಕಾಯಿಲ್‌ಗೆ ಇನ್ನಷ್ಟು ಧೂಳು ಅಂಟುತ್ತದೆ.

ಕೊಳೆತ ಮೊಟ್ಟೆ: ಎರಡು ಇಂಚು ನೀರಿನ ಕಥೆ

ನಮ್ಮ ಮನೆಗೆ ಬಂದದ್ದು ಈ ಜಾತಿಯ ನಾತ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಮುಂಬಯಿಯ ಫ್ಲ್ಯಾಟುಗಳ ಗುಟ್ಟೆಲ್ಲ ಇದರಲ್ಲಿದೆ.

ಬಾತ್‌ರೂಮಿನ ನೆಲದ ಜಾಲರಿ ಎತ್ತಿದರೆ ಕೆಳಗೊಂದು ಬಟ್ಟಲು. ಮುಂಬಯಿಯ ಪ್ಲಂಬರುಗಳು ಅದಕ್ಕೆ ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಇಲ್ಲಿನವರಿಗೆ ನ್ಹಾಣಿ ಅಂದರೆ ನಮ್ಮ ಬಚ್ಚಲು. ಆ ಬಟ್ಟಲಿನಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚು ನೀರು ನಿಂತಿರಬೇಕು. ಆ ನೀರೇ ಬಾಗಿಲು. ಅದರಾಚೆ ಇಡೀ ಕಟ್ಟಡದ ಕೊಳಚೆ ಪೈಪಿನ ಗಾಳಿ, ಈಚೆ ನಮ್ಮ ಕೋಣೆ. ಬೇಸಿನ್ನಿನ ಕೆಳಗಿನ ಬಾಗಿದ ಪೈಪು, ಕಮೋಡಿನೊಳಗೆ ನಿಂತ ನೀರು ಎಲ್ಲವೂ ಇದೇ ಉಪಾಯ. ಪೈಪನ್ನು ಬಗ್ಗಿಸಿ ನೀರು ನಿಲ್ಲಿಸಿ ನಾತ ತಡೆಯುವ ಈ ವಿಧಾನಕ್ಕೆ 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಇನ್ನೂರೈವತ್ತು ವರ್ಷವಾದರೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ.

ಈ ನೀರು ಮೂರು ರೀತಿಯಲ್ಲಿ ಹೋಗುತ್ತದೆ. ಮೊದಲನೆಯದು ಆರಿಹೋಗುವುದು. ಬೇಸಿಗೆ ರಜೆಗೆ ಊರಿಗೆ ಹೋದಾಗ, ಅತಿಥಿಗಳ ಬಾತ್‌ರೂಮನ್ನು ಸ್ಟೋರ್ ರೂಮು ಮಾಡಿಕೊಂಡಾಗ, ವಾಷಿಂಗ್ ಮಷೀನ್ ಇಟ್ಟ ಜಾಗದ ಜಾಲರಿಗೆ ನೀರು ಬೀಳದೇ ಹೋದಾಗ ಹೀಗಾಗುತ್ತದೆ. ನಾವು ಐದು ವಾರ ಇಲ್ಲದಾಗ ಆದದ್ದೂ ಇದೇ. ಎರಡನೆಯದು ಎಳೆದುಹೋಗುವುದು. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಪೈಪಿನಲ್ಲಿ ಧೊಪ್ಪನೆ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ತಾರಸಿಯ ಮೇಲೆ ಬಾಯಿ ತೆರೆದಿರುವ ವೆಂಟ್ ಪೈಪಿನಿಂದ ಬರಬೇಕು. ಅದರ ಬಾಯಿಗೆ ಪಾರಿವಾಳ ಗೂಡು ಕಟ್ಟಿದ್ದರೆ, ಅಥವಾ ತಾರಸಿ ರಿಪೇರಿಯವರು ಸಿಮೆಂಟು ಮೆತ್ತಿದ್ದರೆ, ಕೆಳಗಿನ ಮನೆಗಳ ಬಟ್ಟಲಿನ ನೀರನ್ನೇ ಹೀರಿಕೊಂಡು ಗಾಳಿ ಬರುತ್ತದೆ. ಯಾರೋ ಫ್ಲಶ್ ಮಾಡಿದಾಗಲೆಲ್ಲ ನಿಮ್ಮ ಜಾಲರಿ ಗುಳುಗುಳು ಅಂದರೆ ಇದನ್ನು ಅನುಮಾನಿಸಿ. ಮೂರನೆಯದು ಬಟ್ಟಲೇ ಇಲ್ಲದಿರುವುದು. ಬಾತ್‌ರೂಮಿನ ಹೊಸ ಟೈಲ್ಸ್ ಹಾಕಿಸುವಾಗ ಎತ್ತರ ಸಾಲದೆಂದು ಟ್ರ್ಯಾಪ್ ಕಿತ್ತು ನೇರ ಪೈಪು ಜೋಡಿಸಿದ ಮನೆಗಳನ್ನು ನಾನೇ ನೋಡಿದ್ದೇನೆ.

ನಾತಕ್ಕೆ ಮುಖ್ಯ ಕಾರಣ ಹೈಡ್ರೋಜನ್ ಸಲ್ಫೈಡ್. ಗಾಳಿಯಿಲ್ಲದ ಕೊಳಚೆಯಲ್ಲಿ ಬ್ಯಾಕ್ಟೀರಿಯಾ ಇದನ್ನು ಹುಟ್ಟಿಸುತ್ತವೆ. ಹತ್ತು ಕೋಟಿ ಭಾಗ ಗಾಳಿಯಲ್ಲಿ ಒಂದು ಭಾಗವಿದ್ದರೂ ಸಾಕು, ಎಷ್ಟೋ ಜನರ ಮೂಗು ಹಿಡಿದುಬಿಡುತ್ತದೆ. ಮನೆಯಲ್ಲಿ ಬರುವ ಅಲ್ಪ ಪ್ರಮಾಣದಿಂದ ತಲೆನೋವು, ವಾಕರಿಕೆ ಬರಬಹುದು. ಇದೇ ಅನಿಲ ಮುಚ್ಚಿದ ಚೇಂಬರಿನಲ್ಲಿ, ಅಂದರೆ ಕೊಳಚೆ ಗುಂಡಿಯಲ್ಲಿ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ನಾತ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಸೊಸೈಟಿಯ ಚೇಂಬರ್ ಕಟ್ಟಿಕೊಂಡಿದೆ ಎಂದು ಬಡವನೊಬ್ಬನನ್ನು ಬರಿಗೈಯಲ್ಲಿ ಒಳಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಷನ್ ಯಂತ್ರದ ಗಾಡಿ ತರಿಸಿ. ಸೊಸೈಟಿಯ ಸಭೆಯಲ್ಲಿ ಯಾರಾದರೂ "ಒಬ್ಬನನ್ನ ಇಳಿಸಿದ್ರೆ ಅರ್ಧ ಗಂಟೆ ಕೆಲಸ" ಅಂದರೆ ಎದ್ದು ನಿಂತು ಬೇಡ ಅನ್ನಿ.

ಈಗ ಚಿಮ್ನಿಗೂ ಏಸಿಯ ಬುಳುಬುಳು ಸದ್ದಿಗೂ ಏನು ಸಂಬಂಧ? ಚಿಮ್ನಿಯಾಗಲಿ ಬಾತ್‌ರೂಮಿನ ಎಕ್ಸಾಸ್ಟ್ ಆಗಲಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಹಳೆಯ ಚಾಳುಗಳ, ಮರದ ಕಿಟಕಿಯ ಮನೆಗಳಲ್ಲಿ ಸಂದು ಬೇಕಾದಷ್ಟಿತ್ತು. ಈಗಿನ ಸ್ಲೈಡಿಂಗ್ ಕಿಟಕಿ ರಬ್ಬರು ಪಟ್ಟಿಯೊಂದಿಗೆ ಬಿಗಿಯಾಗಿ ಕೂರುತ್ತದೆ. ಮಳೆಗೆ ಎಲ್ಲ ಮುಚ್ಚಿ ಚಿಮ್ನಿ ಹಾಕಿದರೆ ಮನೆಯೊಳಗಿನ ಒತ್ತಡ ಇಳಿದು, ಒಣಗಿದ ಬಟ್ಟಲು, ಮುಚ್ಚಳವಿಲ್ಲದ ಪೈಪು, ಡಕ್ಟಿನ ಕಡೆಯ ಕಿಂಡಿ ಎಲ್ಲಿ ಸಂದಿದೆಯೋ ಅಲ್ಲಿಂದ ಗಾಳಿ ನುಗ್ಗುತ್ತದೆ. ಏಸಿಯ ಡ್ರೇನ್ ಪೈಪೂ ಅಂಥದ್ದೊಂದು ಸಂದು. ನಮ್ಮ ಮನೆಯಲ್ಲಿ ಅದನ್ನು ಬಾತ್‌ರೂಮಿನ ಗೋಡೆಯೊಳಗಿಂದ ಕೊಳಚೆ ಪೈಪಿಗೇ ಸೇರಿಸಿಬಿಟ್ಟಿದ್ದರು, ನಡುವೆ ನೀರಿನ ತಡೆಯೇ ಇರಲಿಲ್ಲ. ಚಿಮ್ನಿ ಎಳೆದಾಗ ಪೈಪಿನ ಗಾಳಿ ಟ್ರೇಯ ನೀರನ್ನು ಗುಳ್ಳೆ ಗುಳ್ಳೆಯಾಗಿ ದಾಟಿ ಮೇಲೆ ಬರುತ್ತಿತ್ತು. ಆ ಬುಳುಬುಳುವೇ ಸಾಕ್ಷಿ. ಹಾಗಾಗಿ ಏಸಿ ತೊಳೆಸಿದ್ದರಿಂದಲೂ ಗ್ಯಾಸ್ ತುಂಬಿಸಿದ್ದರಿಂದಲೂ ಏನೂ ಆಗಲಿಲ್ಲ.

ಇದನ್ನು ಬರೀ ಮೂಗಿನ ಕಿರಿಕಿರಿ ಅಂದುಕೊಳ್ಳಬೇಡಿ. 2003ರಲ್ಲಿ ಸಾರ್ಸ್ ಹರಡಿದಾಗ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯವೊಂದರಲ್ಲೇ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ತನಿಖೆ ಮಾಡಿದವರು ಬಾತ್‌ರೂಮಿನ ನೆಲದ ಟ್ರ್ಯಾಪುಗಳು ಒಣಗಿದ್ದನ್ನೂ, ಎಕ್ಸಾಸ್ಟ್ ಫ್ಯಾನು ಕೊಳಚೆ ಪೈಪಿನ ಗಾಳಿಯನ್ನು ಒಳಗೆಳೆದದ್ದನ್ನೂ, ಅದು ಕಟ್ಟಡದ ಕಿಂಡಿಯ ಮೂಲಕ ಬೇರೆ ಮನೆಗಳಿಗೆ ಏರಿದ್ದನ್ನೂ ಮುಖ್ಯ ಕಾರಣಗಳಲ್ಲಿ ಎಣಿಸಿದರು. ನಮ್ಮ ಫ್ಲ್ಯಾಟುಗಳ ರಚನೆ ಅದಕ್ಕಿಂತ ಬಹಳ ಬೇರೆಯೇನಲ್ಲ.

ಈ ಊರಿಗೂ ಗಾಳಿಯ ಚಿಂತೆ ಹಳೆಯದು. 1896ರ ಪ್ಲೇಗಿನ ನಂತರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೆಟ್ಟ ಗಾಳಿಯೇ ರೋಗ ತರುತ್ತದೆಂಬ ನಂಬಿಕೆ ಆಗ ಇನ್ನೂ ಬಲವಾಗಿತ್ತು, ಕಿಕ್ಕಿರಿದ ಕೇರಿಗಳಿಗೆ ಸಮುದ್ರದ ಗಾಳಿ ನುಗ್ಗಲೆಂದು ಪ್ರಿನ್ಸೆಸ್ ಸ್ಟ್ರೀಟಿನಂಥ ಅಗಲ ರಸ್ತೆಗಳನ್ನು ಕೊರೆದರು. ಪ್ಲೇಗು ಬಂದದ್ದು ಇಲಿಯ ಚಿಗಟದಿಂದ, ನಾತದಿಂದಲ್ಲ. ಆದರೂ ಆ ಟ್ರಸ್ಟ್ ದಾದರ್, ಮಾಟುಂಗಾಗಳಲ್ಲಿ ಬಡಾವಣೆ ಮಾಡಿದಾಗ ಮನೆಗಳ ನಡುವೆ ಬಿಟ್ಟ ತೆರಪಿನಿಂದ ಅಲ್ಲಿ ನೆಲೆಸಿದ ನಮ್ಮ ದಕ್ಷಿಣದವರಿಗೆ ಒಳ್ಳೆಯ ಗಾಳಿ ಸಿಕ್ಕಿತು. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಮುಗಿಸಿ ಆ ರಸ್ತೆಗಳಲ್ಲಿ ನಡೆಯುವಾಗ ನನಗೆ ಈ ವ್ಯತ್ಯಾಸ ಮೈಗೆ ತಾಗುತ್ತದೆ.

ಪರಿಹಾರಕ್ಕೆ ಬರೋಣ. ಬಟ್ಟಲು ಒಣಗಿದ್ದರೆ ಎರಡು ಚೊಂಬು ನೀರು ಸುರಿಯಿರಿ, ಅಷ್ಟೇ ಮದ್ದು. ನೀರು ಸುರಿದ ಮೇಲೂ ಮರುದಿನ ನಾತವಿದ್ದರೆ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒದ್ದೆ ಬಟ್ಟೆ ಒತ್ತಿಟ್ಟು ರಾತ್ರಿ ಬಿಡಿ. ಬೆಳಗ್ಗೆ ಕೋಣೆ ಸ್ವಚ್ಛವಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ: ಟ್ರ್ಯಾಪ್ ಒಡೆದಿದೆ, ಇಲ್ಲವೇ ನೀರನ್ನು ಯಾರೋ ಎಳೆಯುತ್ತಿದ್ದಾರೆ. ಹಾಳೆ ಹಾಸಿದರೂ ನಾತ ಹೋಗದಿದ್ದರೆ ಬೇಸಿನ್ನು, ವಾಷಿಂಗ್ ಮಷೀನಿನ ಪೈಪು, ಏಸಿ ಪೈಪು ಒಂದೊಂದಾಗಿ ಹೀಗೆಯೇ ಮುಚ್ಚಿ ನೋಡಿ. ವಾಷಿಂಗ್ ಮಷೀನಿನ ಸೊಂಡಿಲನ್ನು ನೆಲದ ಪೈಪಿಗೆ ಸುಮ್ಮನೆ ಇಳಿಬಿಟ್ಟಿದ್ದರೆ ಸುತ್ತಲಿನ ಸಂದಿಗೆ ರಬ್ಬರಿನ ಬಿರಡೆ ಸಿಗುತ್ತದೆ, ಹಾಕಿಸಿ. ಏಸಿಯ ಡ್ರೇನ್ ಪೈಪು ನೇರವಾಗಿ ಕೊಳಚೆ ಪೈಪಿನೊಳಗೆ ಹೋಗಬಾರದು. ಅದು ಬಾಲ್ಕನಿಯ ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಬಾಯಿ ತೆರೆದು ತೊಟ್ಟಿಕ್ಕಬೇಕು, ಅಥವಾ ಬಕೆಟ್ಟಿಗೆ ಬೀಳಬೇಕು. ನಾವು ಈಗ ಬಕೆಟ್ಟಿಗೆ ಬಿಟ್ಟಿದ್ದೇವೆ, ಆ ನೀರಿನಲ್ಲಿ ನೆಲ ಒರೆಸುತ್ತೇವೆ. ಗೋಡೆ ಒಡೆಯದೆ ಬೇರೆ ದಾರಿಯಿಲ್ಲದವರು ಪೈಪಿಗೆ ನೀರು ನಿಲ್ಲುವ ಬಾಗು ಹಾಕಿಸಬಹುದು, ಆದರೆ ಏಸಿ ಹಾಕದ ಚಳಿಗಾಲದಲ್ಲಿ ಅದೂ ಒಣಗುತ್ತದೆ ಎಂಬುದು ನೆನಪಿರಲಿ.

ಚಿಮ್ನಿ ಹಾಕುವಾಗ ಅಡುಗೆಮನೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆಯುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಗಾಳಿಗೆ ನಾವೇ ಒಳ್ಳೆಯ ದಾರಿ ಕೊಟ್ಟರೆ ಅದು ಕೆಟ್ಟ ದಾರಿ ಹಿಡಿಯುವುದಿಲ್ಲ. ಚಿಮ್ನಿ ಎಳೆಯುವ ಶಕ್ತಿಯೂ ಇದರಿಂದ ಹೆಚ್ಚುತ್ತದೆ.

ಕಮಟು, ಮೀನು, ಪಾರಿವಾಳ

ಚಿಮ್ನಿಯ ಕೊಳವೆಯ ವಾಸನೆ ಬೇರೆ, ಅದು ಕಮಟು. ಒಗ್ಗರಣೆಯ, ಕರಿದದ್ದರ ಎಣ್ಣೆಯ ಆವಿ ಕೊಳವೆಯ ತಣ್ಣನೆ ಗೋಡೆಗೆ ತಾಗಿ ಅಂಟಾಗಿ ನಿಲ್ಲುತ್ತದೆ. ದಿನ ಕಳೆದಂತೆ ಗಾಳಿಯ ಆಮ್ಲಜನಕ ಸೇರಿ ಅದು ಹಳಸಿ, ಹಳೆಯ ಚಕ್ಕುಲಿ ಡಬ್ಬಿಯ ವಾಸನೆ ಬಿಡುತ್ತದೆ. ಚಿಮ್ನಿ ಆರಿಸಿದ ಮೇಲೆ, ಹೊರಗಿನ ಗಾಳಿ ಒಳಕ್ಕೆ ತಳ್ಳಿದಾಗ ಇದು ಜೋರು. ಕೊಳವೆಯ ತುದಿಗೆ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆಗಳ ಮುಚ್ಚಳವಿದ್ದರೆ ಅರ್ಧ ತೊಂದರೆ ಇಳಿಯುತ್ತದೆ. ಕೊಳವೆ ಆದಷ್ಟು ಗಿಡ್ಡವಾಗಿ, ಬಾಗುಗಳಿಲ್ಲದೆ, ಹೊರಗಿನ ಬಯಲಿಗೆ ತೆರೆಯಬೇಕು. ಬಾತ್‌ರೂಮುಗಳ ಡಕ್ಟಿಗೆ ಬಿಟ್ಟರೆ ನಿಮ್ಮ ಬಂಗುಡೆ ಮೇಲಿನವರ ಬಾತ್‌ರೂಮಿಗೆ, ಕೆಳಗಿನವರ ಸಿಗರೇಟು ನಿಮ್ಮ ಬಾತ್‌ರೂಮಿಗೆ. ಅಡುಗೆಯ ಬಿಸಿ ಗಾಳಿ ಕಿಂಡಿಯಲ್ಲಿ ಮೇಲೇರುತ್ತಾ ಎಲ್ಲಿ ಫ್ಯಾನು ಆರಿದೆಯೋ ಅಲ್ಲಿಗೆ ನುಗ್ಗುತ್ತದೆ. ಕೊಳವೆಯೇ ಇಲ್ಲದ, ಇದ್ದಿಲಿನ ಫಿಲ್ಟರಿನ ಚಿಮ್ನಿಗಳಲ್ಲಿ ಇದ್ದಿಲು ತುಂಬಿದ ಮೇಲೆ ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು.

ಬಂಗುಡೆ, ಬೊಂಬಿಲ್ ಹುರಿದ ವಾಸನೆ ಫಿಲ್ಟರಿನಲ್ಲಿ ನಿಂತರೆ ಅದಕ್ಕೆ ಊರಿನ ಜ್ಞಾನವೇ ಸಾಕು. ಸಮುದ್ರದ ಮೀನು ಸತ್ತ ಮೇಲೆ ಅದರಲ್ಲಿ ಹುಟ್ಟುವ ಟ್ರೈಮಿಥೈಲ್ ಅಮೀನ್ ಎಂಬುದು ಕ್ಷಾರ, ಹುಳಿ ಸೇರಿದರೆ ಹಾರುವುದನ್ನು ಬಿಟ್ಟು ಕೂತುಬಿಡುತ್ತದೆ. ಮೀನಿಗೆ ಲಿಂಬೆ, ಹುಣಸೆ, ಪುನರ್ಪುಳಿ ಹಾಕಿದರೆ ನಾತ ಇಳಿಯುವುದು ಹೀಗೆ. ಸ್ಟೀಲಿನ ಫಿಲ್ಟರನ್ನು ಲಿಂಬೆ ಹಿಂಡಿದ ಬಿಸಿನೀರಿನಲ್ಲಿ ಅದ್ದಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಡಕ್ಟಿನ ಕಡೆಯಿಂದ ಉಪ್ಪುಪ್ಪು, ಅಮೋನಿಯದಂಥ ವಾಸನೆ ಬಂದರೆ ಪಾರಿವಾಳ. ಏಸಿಯ ಹೊರಗಿನ ಯೂನಿಟ್ಟಿನ ಹಿಂದೆ, ಎಕ್ಸಾಸ್ಟಿನ ಕಿಂಡಿಯಲ್ಲಿ ಅವು ಗೂಡು ಕಟ್ಟುತ್ತವೆ. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರಿನ ಕಬೂತರ್‌ಖಾನಾಗೆ ತಾಡಪತ್ರಿ ಹೊದಿಸಿದಾಗ ಊರಿಡೀ ಎರಡು ಪಾಳಯವಾದದ್ದು ನೆನಪಿರಬಹುದು. ಹಕ್ಕಿಗೆ ಕಾಳು ಹಾಕುವವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಒಣಗಿದ ಹಿಕ್ಕೆ ಪುಡಿಯಾಗಿ ದೀರ್ಘಕಾಲ ಉಸಿರಿಗೆ ಸೇರಿದರೆ ಕೆಲವರ ಶ್ವಾಸಕೋಶ ಊದಿಕೊಂಡು ಶಾಶ್ವತವಾಗಿ ಗಟ್ಟಿಯಾಗುತ್ತದೆ ಎಂಬುದು ವೈದ್ಯರು ಬಲ್ಲ ಸಂಗತಿ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ನೆನೆಸಿ, ಕೆರೆದು ತೆಗೆದು, ಬಲೆ ಕಟ್ಟಿಸಿ.

ಪೊವಾಯಿ, ಪುಣೆಯ ಕೆಲವು ದೊಡ್ಡ ಮನೆಗಳಲ್ಲಿ ಫಾಲ್ಸ್ ಸೀಲಿಂಗಿನ ಮೇಲೆ ನಿಜವಾದ ಗಾಳಿ ಕೊಳವೆ ಇರುತ್ತದೆ. ಅಲ್ಲಿ ನೋಡಬೇಕಾದ್ದು ಎರಡು: ಕೊಳವೆಯ ಹೊದಿಕೆ ಎಲ್ಲಾದರೂ ಒದ್ದೆಯಾಗಿದೆಯೇ, ಮತ್ತು ವಾಪಸು ಗಾಳಿಯನ್ನು ಕೊಳವೆಯಿಲ್ಲದೆ ಸೀಲಿಂಗಿನ ಟೊಳ್ಳಿನಿಂದಲೇ ಎಳೆಯುತ್ತಿದೆಯೇ. ಹಾಗಿದ್ದರೆ ಬಾತ್‌ರೂಮಿನ ಮೇಲಿನ ಪೈಪು ಸೋರಿದ ನಾತವೂ ಅದರೊಂದಿಗೆ ಬರುತ್ತದೆ. ಕೊಳವೆಯನ್ನು ವರ್ಷವರ್ಷ ತೊಳೆಸಬೇಕೆಂದು ಬರುವ ಜಾಹೀರಾತುಗಳನ್ನು ಪೂರ್ತಿ ನಂಬಬೇಡಿ. ಕೊಳವೆ ತೊಳೆಸುವುದರಿಂದ ಕಾಯಿಲೆ ತಪ್ಪುತ್ತದೆಂದು ಸಾಬೀತಾಗಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಕಣ್ಣಿಗೆ ಕಾಣುವ ಬೂಸ್ಟು, ಇಲಿ ಅಥವಾ ಹುಳ, ಗಾಳಿ ಹಾಯದಷ್ಟು ಕಸ ಇದ್ದಾಗ ಮಾತ್ರ ಅದು ಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸದಿದ್ದರೆ ಬೂಸ್ಟು ಮತ್ತೆ ಬರುತ್ತದೆ.

ಈ ಮೇ ತಿಂಗಳು ಊರಿಗೆ ಹೊರಡುವ ದಿನ ಅತ್ತೆಯೇ ಮುಂದೆ ನಿಂತು ಎರಡೂ ಬಾತ್‌ರೂಮಿನ ಜಾಲರಿಗೆ ನೀರು ತುಂಬಿಸಿ, ಮೇಲೆ ಎರಡೆರಡು ಚಮಚ ಅಡುಗೆಯ ಎಣ್ಣೆ ಹಾಕಿದರು. ಎಣ್ಣೆಯ ಪದರದ ಕೆಳಗೆ ನೀರು ಬೇಗ ಆರುವುದಿಲ್ಲ. ಜಾಲರಿಗಳ ಮೇಲೆ ಪ್ಲಾಸ್ಟಿಕ್ ಹಾಸಿ ಚೊಂಬು ಮಗುಚಿಟ್ಟು, ಕಮೋಡಿನ ಮುಚ್ಚಳ ಹಾಕಿ, ಬೀಗ ಹಾಕಿದೆವು. ಜೂನ್‌ನಲ್ಲಿ ಬಂದು ಬಾಗಿಲು ತೆಗೆದಾಗ ಮುಚ್ಚಿಟ್ಟ ಮನೆಯ ಬೆಚ್ಚನೆ ಗಾಳಿ ಬಿಟ್ಟು ಬೇರೇನೂ ಇರಲಿಲ್ಲ. ಅತ್ತೆ ಚೀಲ ಇಳಿಸುವ ಮೊದಲೇ ಬಾತ್‌ರೂಮಿಗೆ ಹೋಗಿ ಚೊಂಬು ಎತ್ತಿ ಬಗ್ಗಿ ನೋಡಿದರು. "ನೀರ್ ಇತ್ತ್" ಅಂದರು.